ಮೂಲೆ ಮಾಸದ ಸೂಪರ್‌ಹೀರೊ ಕಾರ್ಡ್: ಕೂಡಿಸುವ ಬಗೆ, ಕಾಯುವ ಬಗೆ

ಯಾರದೋ ಕಪಾಟಿನಲ್ಲಿ ಮೂವತ್ತು ವರ್ಷ ಒಂದು ಗೀರೂ ಬೀಳದೆ ಉಳಿದಿದ್ದ ಸೂಪರ್‌ಹೀರೊ ಕಾರ್ಡ್ ಅದು, ಬೆಳಕಿಗೆ ತಿರುಗಿಸಿದರೆ ಚಿತ್ರ ಮಿನುಗುವ ಹಾಲೊಗ್ರಾಮ್ ಬಗೆಯದು. ಬಹಳ ಕಾಲ ಹುಡುಕಿ ಅದನ್ನು ತರಿಸಿಕೊಂಡ ಗೆಳೆಯರೊಬ್ಬರು ನನ್ನೆದುರಿಗೇ ಅದನ್ನು ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಲು ಹೊರಟರು. ಕಾರ್ಡಿನ ಒಂದು ಮೂಲೆ ಸ್ಲೀವ್‌ನ ಬಾಯಿಗೆ ಸಿಕ್ಕಿಕೊಂಡಿತು. ಅವರು ಗಮನಿಸಲಿಲ್ಲ, ಮೇಲಿನಿಂದ ಹೆಬ್ಬೆರಳಿನಲ್ಲಿ ಒತ್ತಿದರು. ಮೂಲೆ ಮಡಿಚಿಕೊಂಡಿತು. ಇಂಥದ್ದನ್ನು ಹತ್ತಾರು ಸಲ ಕಂಡಿದ್ದೇನೆ. ಮಕ್ಕಳು ಆಡಿ ಸವೆಸಿದ ಕಾರ್ಡ್ ನೋಡಿದರೆ ನನಗೆ ಬೇಸರವಾಗುವುದಿಲ್ಲ. ಜೋಪಾನ ಮಾಡಲು ಹೊರಟವರ ಕೈಯಲ್ಲೇ ಕಾರ್ಡ್ ಕೆಡುವುದನ್ನು ಮಾತ್ರ ನೋಡಲಾಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಿನ ಜಾಗ ಆ ಒಂದು ಹಂತಕ್ಕೇ ಹೋಗಿದೆ.

1. ಒಂದೇ ಒಂದು ಸೆಟ್ ಆರಿಸಿಕೊಳ್ಳಿ

ಒಂದು ಕಂಪನಿ ಸಂಖ್ಯೆ ಹಾಕಿ ಒಟ್ಟಾಗಿ ಹೊರತಂದ ಕಾರ್ಡ್‌ಗಳ ಪೂರ್ತಿ ಸಾಲೇ ಸೆಟ್. ಹೊಸಬರು ಸಾಮಾನ್ಯವಾಗಿ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾರೆ. ಆರು ತಿಂಗಳ ನಂತರ ಅವರ ಬಳಿ ಹನ್ನೆರಡು ಸೆಟ್‌ಗಳ ಚೂರುಗಳಿರುತ್ತವೆ, ಪೂರ್ಣವಾದದ್ದು ಒಂದೂ ಇರುವುದಿಲ್ಲ. ಮೊದಲೇ ಒಂದು ಸೆಟ್ ಗೊತ್ತುಮಾಡಿಕೊಂಡು ಅದು ಮುಗಿಯುವವರೆಗೆ ಬೇರೆಡೆ ಕೈ ಹಾಕಬೇಡಿ.

ಆಯ್ಕೆಗೆ ಕೊರತೆಯಿಲ್ಲ. 1940ರಲ್ಲಿ ಗಮ್ ಇಂಕ್ ಎಂಬ ಅಮೆರಿಕದ ಕಂಪನಿ 72 ಕಾರ್ಡ್‌ಗಳ ಸೂಪರ್‌ಮ್ಯಾನ್ ಸೆಟ್ ತಂದಿತು. 1966ರಲ್ಲಿ ಟಾಪ್ಸ್ ಕಂಪನಿಯ ಬ್ಯಾಟ್‌ಮನ್ ಕಾರ್ಡ್‌ಗಳು ಬಂದವು. ನಾರ್ಮನ್ ಸಾಂಡರ್ಸ್ ಬಣ್ಣ ತುಂಬಿದ ಆ ಚಿತ್ರಗಳ ಮೊದಲ ಸರಣಿಯಲ್ಲಿ 55 ಕಾರ್ಡ್‌ಗಳು. ಅದೇ ವರ್ಷ ಡಾನ್‌ರಸ್ ಕಂಪನಿ 66 ಕಾರ್ಡ್‌ಗಳ ಮಾರ್ವೆಲ್ ಸೆಟ್ ಹೊರತಂದಿತು. ಇವೆಲ್ಲ ಹಳೆಯ ಸರಕು. ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಅಪರೂಪ, ಮೊದಲ ಪ್ರಯತ್ನಕ್ಕೆ ತಕ್ಕವಲ್ಲ.

ಹೊಸಬರಿಗೆ ನಾನು ಹೇಳುವುದು ಒಂದೇ ಸೆಟ್: ಇಂಪೆಲ್ ಕಂಪನಿ 1990ರಲ್ಲಿ ತಂದ ಮಾರ್ವೆಲ್ ಯೂನಿವರ್ಸ್‌ನ ಮೊದಲ ಸರಣಿ. 162 ಕಾರ್ಡ್‌ಗಳು, ಜೊತೆಗೆ ಐದು ಹಾಲೊಗ್ರಾಮ್‌ಗಳು. ಪ್ರತಿ ನಾಯಕನೂ ಖಳನೂ ಎಷ್ಟು ಕಾಳಗ ಮಾಡಿದ, ಎಷ್ಟು ಗೆದ್ದ, ಎಷ್ಟು ಸೋತ ಎಂಬ ಲೆಕ್ಕ ಕಾರ್ಡಿನ ಹಿಂಬದಿಯಲ್ಲಿದೆ. 161ನೆಯ ಕಾರ್ಡ್ ಮಾರ್ವೆಲ್‌ನ ಹೆಸರಾಂತ ಕಾಮಿಕ್ಸ್ ಬರಹಗಾರ ಸ್ಟ್ಯಾನ್ ಲೀ ಅವರದು. ಅಪಾರ ಸಂಖ್ಯೆಯಲ್ಲಿ ಅಚ್ಚಾದ ಕಾರಣ ಸಾಮಾನ್ಯ ಕಾರ್ಡ್‌ಗಳು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಹಾಲೊಗ್ರಾಮ್‌ಗಳಿಗೆ ಮಾತ್ರ ತಾಳ್ಮೆ ಬೇಕು. ಆ ಕಲಿಕೆ ಮುಗಿದ ಮೇಲೆ 1992ರ ಮಾರ್ವೆಲ್ ಮಾಸ್ಟರ್‌ಪೀಸಸ್‌ಗೆ ಹೋಗಿ. ಇಂಪೆಲ್ ಆ ಹೊತ್ತಿಗೆ ಸ್ಕೈಬಾಕ್ಸ್ ಎಂದು ಹೆಸರು ಬದಲಿಸಿಕೊಂಡಿತ್ತು. ಜೋ ಜಸ್ಕೊ ಕುಂಚದಿಂದ ಬರೆದ ಆ ಚಿತ್ರಗಳನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ, ಇಷ್ಟು ಪುಟ್ಟ ಕಾಗದದಲ್ಲಿ ಇಷ್ಟೊಂದು ಬೆಳಕು ಹೇಗೆ ಹಿಡಿಸಿತು ಎಂದು ನಾನು ಬಹಳ ಹೊತ್ತು ನೋಡುತ್ತಲೇ ಇದ್ದೆ.

2. ಪ್ಯಾಕೆಟ್ ಒಡೆದು ಸೆಟ್ ಮುಗಿಸಲು ಹೋಗಬೇಡಿ

ಒಳಗೆ ಯಾವ ಕಾರ್ಡ್‌ಗಳಿವೆ ಎಂದು ಗೊತ್ತಿಲ್ಲದ, ಮೊಹರು ಮುರಿಯದ ಪ್ಯಾಕೆಟ್ ಒಡೆಯುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ನೋಡಿ. 162 ಕಾರ್ಡ್‌ಗಳಲ್ಲಿ ಪ್ರತಿ ಸಲ ಯಾವುದಾದರೂ ಒಂದು ಅದೃಷ್ಟದಂತೆ ಕೈಗೆ ಬರುತ್ತದೆ ಎಂದುಕೊಳ್ಳೋಣ. ಮೊದಲ ಅರ್ಧ, ಅಂದರೆ 81 ಬೇರೆ ಬೇರೆ ಕಾರ್ಡ್‌ಗಳು ಕೂಡಲು ಸರಾಸರಿ 112 ಕಾರ್ಡ್ ತೆಗೆದರೆ ಸಾಕು. ಇಡೀ ಸೆಟ್ ಮುಗಿಯಲು ಬೇಕಾಗುವುದು ಸರಾಸರಿ 918. ಅದರಲ್ಲಿ ಕೊನೆಯ ಹತ್ತು ಕಾರ್ಡ್‌ಗಳೇ ಸುಮಾರು 475ನ್ನು ನುಂಗುತ್ತವೆ. ಕಟ್ಟಕಡೆಯ ಒಂದಕ್ಕಾಗಿಯೇ ಸರಾಸರಿ 162 ಕಾರ್ಡ್ ತೆಗೆಯಬೇಕು. ಒಂದು ಪ್ಯಾಕೆಟ್‌ನೊಳಗೆ ಒಂದೇ ಕಾರ್ಡ್ ಎರಡು ಸಲ ಬರದಂತೆ ಕಂಪನಿಗಳು ಜೋಡಿಸುವುದರಿಂದ ನಿಜದ ಲೆಕ್ಕ ಕೊಂಚ ಇಳಿಯಬಹುದು, ಆದರೆ ಕೊನೆಯ ಹತ್ತರ ಕಾಟ ತಪ್ಪುವುದಿಲ್ಲ.

ಹಾಗಾಗಿ ಸಾಮಾನ್ಯ ಕಾರ್ಡ್‌ಗಳ ಸೆಟ್ಟನ್ನು ಒಟ್ಟಿಗೇ ಕೊಳ್ಳಿ, ಇಲ್ಲವೇ ಅರ್ಧ ಕೂಡಿದ ಮೇಲೆ ವಿನಿಮಯಕ್ಕೆ ಇಳಿಯಿರಿ. ಹಾಲೊಗ್ರಾಮ್‌ಗಳನ್ನೂ ಇತರ ವಿಶೇಷ ಕಾರ್ಡ್‌ಗಳನ್ನೂ ಒಂದೊಂದಾಗಿ ಹುಡುಕಿ. ಪ್ಯಾಕೆಟ್ ಒಡೆಯುವ ಆಸೆಗೆ ಒಂದೆರಡು ಸಾಕು.

3. ಕೊಳ್ಳುವ ಮುನ್ನ ಪರೀಕ್ಷಿಸಿ

‘ಪೂರ್ಣ ಸೆಟ್’ ಎಂದರೆ ಬಹಳಷ್ಟು ಮಾರಾಟಗಾರರ ಬಾಯಲ್ಲಿ ಹಾಲೊಗ್ರಾಮ್ ಇಲ್ಲದ ಸೆಟ್ ಎಂದರ್ಥ. ಕೇಳಿ ಖಚಿತಪಡಿಸಿಕೊಳ್ಳಿ. ಒಮ್ಮೆ ಪೂರ್ಣ ಸೆಟ್ ಎಂದು ನನಗೆ ಬಂದ ಕಟ್ಟಿನಲ್ಲಿ ಎರಡು ಸಂಖ್ಯೆಗಳಿರಲಿಲ್ಲ, ಒಂದು ಸಂಖ್ಯೆ ಮೂರು ಸಲ ಇತ್ತು. ಒಟ್ಟು ಎಣಿಕೆ ಸರಿಯಿದ್ದ ಕಾರಣ ಮಾರಿದವರಿಗೂ ಗೊತ್ತಾಗಿರಲಿಲ್ಲ. ಎಣಿಸಿದರೆ ಸಾಲದು, ಹಿಂಬದಿಯ ಸಂಖ್ಯೆ ನೋಡಿ ಸಾಲಾಗಿ ಜೋಡಿಸಬೇಕು. ಕಾರ್ಡ್‌ಗಳ ಪಟ್ಟಿ ಅಚ್ಚಾಗಿರುವ ಕಾರ್ಡನ್ನು ವಿಶೇಷವಾಗಿ ನೋಡಿ. ಮೊದಲ ಒಡೆಯರು ಚಿಕ್ಕವರಿದ್ದಾಗ ತಮ್ಮಲ್ಲಿರುವ ಕಾರ್ಡ್‌ಗಳಿಗೆ ಅದರಲ್ಲಿ ಪೆನ್ನಿನಿಂದ ಗುರುತು ಹಾಕಿರುವುದು ಸಾಮಾನ್ಯ.

ಸ್ಥಿತಿ ನೋಡಲು ನಾಲ್ಕು ಅಂಶಗಳಿವೆ: ಮೂಲೆ, ಅಂಚು, ಮೇಲ್ಮೈ, ಮತ್ತು ಚಿತ್ರ ಎಷ್ಟು ನಡುವಿಗೆ ಕೂತಿದೆ ಎಂಬುದು. ನಡು ಅಳೆಯುವುದು ಸುಲಭ. ಎಡದ ಬಿಳಿ ಅಂಚು 3 ಮಿಲಿಮೀಟರ್, ಬಲದ್ದು 2 ಮಿಲಿಮೀಟರ್ ಇದ್ದರೆ ಅದು ಶೇಕಡಾ 60–40ರ ಹಂಚಿಕೆ. ಮೇಲ್ಮೈಯನ್ನು ಮಾತ್ರ ನೇರವಾಗಿ ನೋಡಬೇಡಿ. ದೀಪದ ಕೆಳಗೆ ಕಾರ್ಡನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ನೇರ ನೋಟಕ್ಕೆ ಕಾಣದ ಗೀರುಗಳು ಆಗ ಕಾಣುತ್ತವೆ. ದೂರದಿಂದ ಕೊಳ್ಳುವಾಗ ಇಂಥ ಓರೆ ಬೆಳಕಿನ ಚಿತ್ರವನ್ನೇ ಕೇಳಿ. ಕಪ್ಪು ಅಂಚಿನ ಕಾರ್ಡ್ ಆದರೆ ಹಿಂದಿನ ಮೂಲೆಗಳ ಚಿತ್ರವೂ ಬೇಕು, ಏಕೆಂದರೆ ಅಲ್ಲಿ ಸವೆತ ಬಿಳಿಯಾಗಿ ಎದ್ದು ಕಾಣುತ್ತದೆ.

1966ರ ಬ್ಯಾಟ್‌ಮನ್ ಕಾರ್ಡ್‌ಗಳನ್ನು 1989ರಲ್ಲಿ ಟಾಪ್ಸ್ ಮರುಮುದ್ರಿಸಿತು. ಅದು ನ್ಯಾಯವಾದ ಮರುಮುದ್ರಣ, ಅದನ್ನೇ ಹಳೆಯದು ಎಂದು ಮಾರುವುದು ಮೋಸ. ಇನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲುಗಳನ್ನು ಹಿಡಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಬೇಕು. ಅಸಲಿ ಕಾರ್ಡಿನಲ್ಲಿ ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಗಟ್ಟಿ ಶಾಯಿಯಲ್ಲಿ, ಚೂಪಾದ ಅಂಚಿನಿಂದ ಕೂಡಿರುತ್ತವೆ. ನಕಲಿನಲ್ಲಿ ಅಕ್ಷರವೇ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ.

4. ಸ್ಲೀವ್‌ಗೆ ಸೇರಿಸುವುದು

ಇಲ್ಲಿ ಅವಸರ ಬೇಡ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಕೈಗೆ ಯಾವ ಕ್ರೀಮನ್ನೂ ಹಚ್ಚಿರಬಾರದು. ಮೇಜಿನ ಮೇಲೆ ಮೆತ್ತನೆಯ, ಎಳೆ ಬಿಡದ ಬಟ್ಟೆ ಹಾಸಿ. ಗಾಜಿನ ಅಥವಾ ಕಲ್ಲಿನ ಮೇಜಿನ ಮೇಲಿಂದ ಕಾರ್ಡ್ ಎತ್ತಲು ಉಗುರು ಹಾಕಬೇಕಾಗುತ್ತದೆ, ಅಲ್ಲೇ ಅಂಚು ಸೀಳುತ್ತದೆ. ಬಟ್ಟೆಯಾದರೆ ಕಾರ್ಡಿನ ಒಂದು ಬದಿಯನ್ನು ಒತ್ತಿದೊಡನೆ ಇನ್ನೊಂದು ಬದಿ ತಾನಾಗಿ ಏಳುತ್ತದೆ.

ಪ್ಯಾಕೆಟ್ ಒಡೆಯುವುದಾದರೆ ಕತ್ತರಿ ಮುಟ್ಟಬೇಡಿ. ಪ್ಯಾಕೆಟ್‌ನ ಬೆನ್ನ ಮೇಲೆ ಉದ್ದಕ್ಕೂ ಒಂದು ಅಂಟಿಸಿದ ಹೊಲಿಗೆಯಂಥ ಮಡಿಕೆ ಇರುತ್ತದೆ, ಅದನ್ನು ಎರಡೂ ಕಡೆಗೆ ಮೆಲ್ಲಗೆ ಬಿಡಿಸಿ. ತುದಿಯಿಂದ ಹರಿದರೆ ಮೊದಲ ಮತ್ತು ಕೊನೆಯ ಕಾರ್ಡ್‌ನ ಮೇಲಂಚಿಗೆ ಏಟು ಬೀಳುತ್ತದೆ.

1990ರ ದಶಕದ ಹೊಳಪು ಲೇಪದ ಕಾರ್ಡ್‌ಗಳಿಗೆ ಇನ್ನೊಂದು ರೋಗವಿದೆ. ವರ್ಷಗಟ್ಟಲೆ ಒಂದರ ಮೇಲೊಂದು ಕೂತು ಅವು ಇಟ್ಟಿಗೆಯಂತೆ ಅಂಟಿಕೊಂಡುಬಿಡುತ್ತವೆ. ಸ್ಟಿಕರ್ ಸುಲಿಯುವಂತೆ ಮೂಲೆಯಿಂದ ಎಳೆದರೆ ಬಣ್ಣ ಪಕ್ಕದ ಕಾರ್ಡಿಗೆ ಹೋಗುತ್ತದೆ. ಇಡೀ ಕಟ್ಟನ್ನು ಎರಡು ಉದ್ದ ಅಂಚುಗಳಲ್ಲಿ ಹಿಡಿದು, ಕೂದಲೆಳೆಯಷ್ಟು ಮಾತ್ರ ಬಾಗಿಸಿ; ನಂತರ ವಿರುದ್ಧ ದಿಕ್ಕಿಗೆ ಅಷ್ಟೇ ಬಾಗಿಸಿ. ಸಣ್ಣ ಚಟಪಟ ಸದ್ದು ಬಂದರೆ ಕಾರ್ಡ್‌ಗಳು ಬಿಡುತ್ತಿವೆ ಎಂದರ್ಥ. ಬಿಟ್ಟ ಕಡೆಯಿಂದ ಮೇಲಿನದನ್ನು ಪಕ್ಕಕ್ಕೆ ಜಾರಿಸಿ, ಎತ್ತಬೇಡಿ. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ ಮರುದಿನ ನೋಡಿ. ಫ್ರೀಜರ್‌ನಲ್ಲಿಟ್ಟರೆ ಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಹೊರಗೆ ತೆಗೆದಾಗ ಕಾರ್ಡಿನ ಮೇಲೆ ಕೂರುವ ತೇವವನ್ನು ನೆನೆದು ನಾನು ಆ ದಾರಿ ಬೇಡ ಎನ್ನುತ್ತೇನೆ.

ಈಗ ಸ್ಲೀವ್. ಕಾರ್ಡಿನ ಅಳತೆ ಎರಡೂವರೆ ಇಂಚಿಗೆ ಮೂರೂವರೆ ಇಂಚು. ಸ್ಲೀವ್ ಅಗಲದಲ್ಲೂ ಉದ್ದದಲ್ಲೂ ಸುಮಾರು ಇಂಚಿನ ಎಂಟನೇ ಒಂದು ಭಾಗ ಹೆಚ್ಚಿರುತ್ತದೆ. ಆ ಚೂರು ಸಡಿಲವೇ ನಿಮಗಿರುವ ಅವಕಾಶ. ಎಡಗೈಯಲ್ಲಿ ಸ್ಲೀವ್‌ನ ಎರಡೂ ಪಕ್ಕಗಳನ್ನು, ಬಾಯಿಯ ಹತ್ತಿರ, ಹೆಬ್ಬೆರಳು ಮತ್ತು ನಡುಬೆರಳಿನಿಂದ ಹಿಡಿದು ಲಘುವಾಗಿ ಒತ್ತಿ. ಬಾಯಿ ಮೀನಿನ ಬಾಯಿಯಂತೆ ತೆರೆದುಕೊಳ್ಳುತ್ತದೆ. ಬಲಗೈಯಲ್ಲಿ ಕಾರ್ಡನ್ನು ಉದ್ದ ಅಂಚುಗಳಲ್ಲಿ, ಮೇಲಿನ ಅರ್ಧದಲ್ಲಿ ಹಿಡಿದುಕೊಳ್ಳಿ. ಕೆಳಗಿನ ಒಂದು ಮೂಲೆಯನ್ನು ಮೊದಲು ಬಾಯಿಯೊಳಗೆ ಇಳಿಸಿ, ಅದು ಒಳಗಿದೆ ಎಂದು ಕಣ್ಣಿಂದ ನೋಡಿ, ಆಮೇಲೆ ಇನ್ನೊಂದನ್ನು ಇಳಿಸಿ. ಎರಡೂ ಮೂಲೆಗಳು ಒಳಗೆ ಹೋಗಿವೆ ಎಂದು ಕಾಣುವವರೆಗೆ ಕೆಳಕ್ಕೆ ಒಂದಿಷ್ಟೂ ಒತ್ತಬೇಡಿ. ಕಂಡ ಮೇಲೆ ಸ್ಲೀವನ್ನು ನೆಟ್ಟಗೆ ಹಿಡಿದು ಬಲಗೈ ಸಡಿಲಿಸಿ. ಕಾರ್ಡ್ ತನ್ನ ಭಾರಕ್ಕೇ ಜಾರಿ ಇಳಿಯುತ್ತದೆ. ನಡುವೆ ನಿಂತರೆ ಹೊರಗೆ ತೆಗೆದು ಮತ್ತೆ ಶುರುಮಾಡಿ. ನಿಂತ ಕಾರ್ಡನ್ನು ಮೇಲಿನಿಂದ ಒತ್ತಿದವರೇ ಮೂಲೆ ಕಳೆದುಕೊಂಡವರು. ಬಾಯಿಯ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಸ್ಲೀವ್‌ಗಳು ಸಿಗುತ್ತವೆ, ಅಭ್ಯಾಸವಿಲ್ಲದವರು ಅವನ್ನೇ ಕೊಳ್ಳಿ. ಮೊದಲು ಬೇಡವಾದ ಇಪ್ಪತ್ತು ಕಾರ್ಡ್‌ಗಳ ಮೇಲೆ ಕೈ ಪಳಗಿಸಿಕೊಳ್ಳಿ.

ಸ್ಲೀವ್ ಆದ ಮೇಲೆ, ಬೆಲೆಯುಳ್ಳ ಕಾರ್ಡ್ ಆದರೆ ಟಾಪ್‌ಲೋಡರ್ ಎಂಬ ಗಟ್ಟಿ ಕವಚ. ಸ್ಲೀವ್ ಇಲ್ಲದೆ ನೇರವಾಗಿ ಟಾಪ್‌ಲೋಡರ್‌ಗೆ ಹಾಕಬೇಡಿ. ಅದರೊಳಗಿನ ಧೂಳಿನ ಒಂದು ಕಣ ಇಡೀ ಚಿತ್ರದ ಮೇಲೆ ಗೆರೆ ಎಳೆಯುತ್ತದೆ. ಜೊತೆಗೆ ಬಹುಪಾಲು ಟಾಪ್‌ಲೋಡರ್‌ಗಳು ಪಿವಿಸಿ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದವು, ಕಾರ್ಡ್‌ಗೂ ಅದಕ್ಕೂ ನಡುವೆ ಸ್ಲೀವ್‌ನ ತೆರೆ ಇರಲೇಬೇಕು. ಸಾಮಾನ್ಯ ಕಾರ್ಡಿಗೆ 35 ಪಾಯಿಂಟ್ ದಪ್ಪದ ಕಾರ್ಡ್ ಹಿಡಿಸುವ ಟಾಪ್‌ಲೋಡರ್ ಸಾಕು. ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದ ಒಂದು ಭಾಗ. ಹೊರಗೆ ತೆಗೆಯುವಾಗ ಬೆರಳು ತೂರಿಸಬೇಡಿ. ಕವಚವನ್ನು ಬಾಯಿ ಕೆಳಗಾಗಿ ಹಿಡಿದು ಪಕ್ಕಗಳನ್ನು ಮೆಲ್ಲಗೆ ಒತ್ತಿ ಅಂಗೈಗೆ ತಟ್ಟಿ, ಸ್ಲೀವ್‌ನ ತುದಿ ಕಂಡಾಗ ಅದನ್ನು ಹಿಡಿದೆಳೆಯಿರಿ.

ಕಾರ್ಡ್ ತೊಳೆಯುವ ದ್ರಾವಣ, ಹೊಳಪಿನ ಮೇಣ, ಮೂಲೆ ನೇರ ಮಾಡುವ ಒತ್ತುಗ ಎಂದೆಲ್ಲ ಮಾರುತ್ತಾರೆ. ಯಾವುದನ್ನೂ ಮುಟ್ಟಬೇಡಿ. ಹಾಗೆ ತಿದ್ದಿದ್ದು ಪತ್ತೆಯಾದರೆ ಕಾರ್ಡಿನ ಸ್ಥಿತಿ ಅಳೆಯುವ ಗ್ರೇಡಿಂಗ್ ಕಂಪನಿಗಳು ಅದಕ್ಕೆ ಅಂಕ ಕೊಡಲು ಒಪ್ಪುವುದಿಲ್ಲ. ಒಣ ಮೈಕ್ರೊಫೈಬರ್ ಬಟ್ಟೆಯಿಂದ ಧೂಳು ಒರೆಸುವುದು ಅಷ್ಟೇ ಸಾಕು.

5. ಬೈಂಡರ್

ಒಂಬತ್ತು ಖಾನೆಗಳ ಪುಟಕ್ಕೆ 162 ಕಾರ್ಡ್ ಎಂದರೆ ಸರಿಯಾಗಿ 18 ಪುಟ. ಪುಟ ಉಳಿಸಲು ಒಂದು ಖಾನೆಗೆ ಎರಡು ಕಾರ್ಡ್‌ಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಡುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಸೂಪರ್‌ಹೀರೊ ಕಾರ್ಡಿನ ಅರ್ಧ ಜೀವ ಅದರ ಹಿಂಬದಿಯಲ್ಲಿದೆ, ಅದನ್ನು ಓದಲಾಗದಂತೆ ಮುಚ್ಚಿಟ್ಟ ಮೇಲೆ ಸಂಗ್ರಹ ಏಕೆ?

ಬೈಂಡರ್‌ನ ಉಂಗುರಗಳು ದುಂಡಗಿರಬಾರದು. ದುಂಡು ಉಂಗುರದ ಬಾಗಿಗೆ ಏರಿದ ಪುಟಗಳು ಒತ್ತಡಕ್ಕೆ ಸಿಕ್ಕಿ ಒಳಸಾಲಿನ ಕಾರ್ಡ್‌ಗಳಲ್ಲಿ ಕುಳಿ ಬೀಳುತ್ತದೆ. ಡಿ ಆಕಾರದ ಉಂಗುರವೇ ಬೇಕು, ಖಾನೆಗಳು ಪಕ್ಕದಿಂದ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ಪುಟಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು ಆಗಿರಲಿ. ತೆರೆದ ಕೂಡಲೇ ಗಾಢವಾದ ಪ್ಲಾಸ್ಟಿಕ್ ವಾಸನೆ ಹೊಡೆಯುವ ಮೆತ್ತನೆಯ ಪುಟಗಳು ಪಿವಿಸಿಯವು. ಕಾಲಕ್ರಮೇಣ ಅಂಟು ಬಿಟ್ಟು ಕಾರ್ಡಿನ ಹೊಳಪನ್ನೇ ಎಳೆದುಕೊಳ್ಳುತ್ತವೆ. ಅಂಟು ಹಾಳೆಯ ಹಳೆಯ ಫೋಟೊ ಆಲ್ಬಮ್ ಇದಕ್ಕಿಂತಲೂ ಕೇಡು. ರಬ್ಬರ್ ಬ್ಯಾಂಡ್ ವಿಷಯ ಹೇಳಲೇಬೇಕಿಲ್ಲ.

ಬಿಸಿಲು ಬೀಳದ, ತೇವವಿಲ್ಲದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.

6. ಗ್ರೇಡಿಂಗ್ ಬೇಕೇ?

ಪಿಎಸ್‌ಎ, ಬೆಕೆಟ್, ಸಿಜಿಸಿಯಂಥ ಕಂಪನಿಗಳು ಕಾರ್ಡಿನ ಸ್ಥಿತಿಗೆ 10ರವರೆಗಿನ ಅಂಕ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. ಮಾರುವ ಉದ್ದೇಶವಿದ್ದರೆ, ಅದೂ ಅಪರೂಪದ ಕಾರ್ಡ್ ಆದರೆ, ಕಳಿಸಿ. ಸೆಟ್ ಮಾಡುವವರಿಗೆ ಅಗತ್ಯವಿಲ್ಲ. 162ರಲ್ಲಿ ಮೂರು ಮಾತ್ರ ಪೆಟ್ಟಿಗೆ ಸೇರಿದರೆ ಬೈಂಡರ್‌ನಲ್ಲಿ ಮೂರು ಖಾನೆ ಖಾಲಿ ಉಳಿಯುತ್ತವೆ.

7. ಹೆಚ್ಚುವರಿ ಕಾರ್ಡ್‌ಗಳ ವಿನಿಮಯ

ನಿಮ್ಮಲ್ಲಿಲ್ಲದ ಸಂಖ್ಯೆಗಳನ್ನೂ ಎರಡೆರಡು ಇರುವ ಸಂಖ್ಯೆಗಳನ್ನೂ ಎರಡು ಪಟ್ಟಿಗಳಾಗಿ ಬರೆದಿಟ್ಟುಕೊಳ್ಳಿ. ಇನ್ನೊಬ್ಬ ಸಂಗ್ರಾಹಕರಿಗೆ ಕಳಿಸುವಾಗ ಸ್ಥಿತಿಯನ್ನು ಇದ್ದಂತೆ ತಿಳಿಸಿ. ಮಾಸಿದ ಮೂಲೆ ಮುಚ್ಚಿಟ್ಟು ಒಮ್ಮೆ ವಿನಿಮಯ ಮಾಡಿದರೆ ಎರಡನೆಯ ಸಲ ಯಾರೂ ಕೊಡುವುದಿಲ್ಲ. ಅಂಚೆಯಲ್ಲಿ ಹೋಗುವ ಕಾರ್ಡನ್ನು ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್‌ಗೆ ಹಾಕಿ, ಎರಡೂ ಬದಿಗೆ ಅದಕ್ಕಿಂತ ದೊಡ್ಡದಾದ ರಟ್ಟು ಇಟ್ಟು ಕಟ್ಟಿ. ಟಾಪ್‌ಲೋಡರ್‌ನ ಬಾಯಿಗೆ ಪಾರದರ್ಶಕ ಟೇಪ್ ಹಚ್ಚಬೇಡಿ, ಅದು ಬಿಡುವಾಗ ಅಂಟು ಉಳಿಸುತ್ತದೆ. ಗೋಡೆಗೆ ಬಣ್ಣ ಬಳಿಯುವವರು ಅಂಚಿಗೆ ಹಚ್ಚುವ ಕಾಗದದ ಟೇಪ್ ಸಾಕು. ಅದರ ಒಂದು ತುದಿಯನ್ನು ಒಳಮಡಿಚಿ ಅಂಟಿಸಿ, ಪಡೆದವರು ಕತ್ತರಿ ಹುಡುಕದೆ ಎರಡು ಬೆರಳಲ್ಲಿ ಹಿಡಿದು ಬಿಡಿಸುವಂತೆ.