ಆ ಕಡೆ ಫೋನು ಎತ್ತುವವರು ಯಾರು?

ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಮಳೆಗಾಲದ ಕಪ್ಪೆಗಳನ್ನು ಲೆಕ್ಕ ಹಾಕುವುದು ನನ್ನ ಕೆಲಸ. ನಾನಿರುವುದು ಪೋಂಡಾದಲ್ಲಿ. ಜೊತೆಗೆ ಬರುವವರು ಚೋರ್ಲಾ ಘಾಟಿಯಾಚೆಯ ಕಣಕುಂಬಿಯ ಇಬ್ಬರು ಹುಡುಗರು. ಕಪ್ಪೆ ಕೂಗುವುದು ರಾತ್ರಿ, ಅದೂ ಮಳೆ ಹಿಡಿದಾಗ. ಊರು ಬಾಗಿಲು ಹಾಕಿಕೊಂಡ ಮೇಲೆಯೇ ನಾವು ಹಳ್ಳಕ್ಕೆ ಇಳಿಯುತ್ತೇವೆ.

ಮೂರು ಮಳೆಗಾಲಗಳ ಹಿಂದೆ ಆ ಹುಡುಗರಲ್ಲೊಬ್ಬ ಸುರ್ಲಾ ಊರಿನ ಕೆಳಗೆ ಪಾಚಿಗಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇನ್ನೊಬ್ಬ ರಸ್ತೆಗೆ ಹತ್ತಿಹೋಗಿ ಜನರನ್ನು ಕರೆತರುವವರೆಗೆ ಎರಡೂವರೆ ತಾಸು ಅವನ ತಲೆಯ ಮೇಲೆ ಕೊಡೆ ಹಿಡಿದು ಕುಳಿತಿದ್ದೆ. ಅವನು ಅಳಲಿಲ್ಲ. "ಅಮ್ಮನಿಗೆ ಹೇಳಬೇಡಿ" ಎಂದಷ್ಟೇ ಹೇಳುತ್ತಿದ್ದ. ಉಪಗ್ರಹ ಫೋನಿನ ಹುಡುಕಾಟ ಆ ರಾತ್ರಿಯೇ ಶುರುವಾಯಿತು.

ವಿದೇಶದಲ್ಲಿರುವ ಗೆಳೆಯರೊಬ್ಬರು ಅಂಗೈಯಗಲದ ಸಂದೇಶ ಸಾಧನವೊಂದನ್ನು ತಂದುಕೊಡುವುದಾಗಿ ಹೇಳಿದರು. ಅದು ಬಳಸುವುದು ಇರಿಡಿಯಂ ಎಂಬ ಕಂಪನಿಯ 66 ಉಪಗ್ರಹಗಳ ಜಾಲ, ಭೂಮಿಯ ಯಾವ ಮೂಲೆಯಿಂದಲಾದರೂ ಸಂದೇಶ ಹೋಗುತ್ತದೆ. ಆಸೆಯಾಯಿತು. ಆದರೆ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಚೀಲದಲ್ಲಿಟ್ಟುಕೊಳ್ಳುವುದೇ ನಮ್ಮಲ್ಲಿ ಅಪರಾಧ. 2008ರ ಮುಂಬೈ ದಾಳಿಕೋರರ ಬಳಿ ಉಪಗ್ರಹ ಫೋನು ಇತ್ತೆಂಬುದನ್ನು ನೆನೆದರೆ ಈ ಬಿಗಿ ಅರ್ಥವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಗೋವಾ ವಿಮಾನ ನಿಲ್ದಾಣದಲ್ಲೇ ಇಂಥ ಸಾಧನ ತಂದಿದ್ದ ವಿದೇಶಿ ಪ್ರವಾಸಿಯನ್ನು ತಡೆದರು. ದಯವಿಟ್ಟು ಯಾರೂ ಸಾಮಾನಿನ ನಡುವೆ ಅಡಗಿಸಿ ತರಿಸಿಕೊಳ್ಳಬೇಡಿ.

ತುರ್ತು ಬೀಕನ್‌ಗಳನ್ನೂ, ಅಂದರೆ ಅಪಾಯದಲ್ಲಿ ಉಪಗ್ರಹಕ್ಕೆ ರೇಡಿಯೊ ಸಂಕೇತ ಕಳಿಸುವ ಸಾಧನಗಳನ್ನೂ ನೋಡಿದೆ. 406 ಮೆಗಾಹರ್ಟ್ಸ್‌ನ ಆ ಕೂಗು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ತಲುಪುತ್ತದೆ. ಆದರೆ ಅದು ಒಮ್ಮುಖ. ಬೇಕಾಗಿರುವುದು ಸ್ಟ್ರೆಚರೋ ಹಾವಿನ ವಿಷದ ಮದ್ದೋ ಎಂದು ಅದರಲ್ಲಿ ಹೇಳಲಾಗದು.

ಕೊನೆಗೆ ಆರಿಸಿದ್ದು ಬಿಎಸ್‌ಎನ್‌ಎಲ್ ಮೂಲಕ ಸಿಗುವ, ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಜಾಲದ ಫೋನು. ಅರ್ಜಿ ಸಂಸ್ಥೆಯ ಹೆಸರಿನಲ್ಲಿ ಹಾಕಿದೆವು. ಕಾಗದಪತ್ರಕ್ಕೆ ಸಮಯ ಬೇಕು. ಜೂನ್‌ಗೆ ಬೇಕಾದರೆ ದೀಪಾವಳಿಯ ಹೊತ್ತಿಗೇ ಹೊರಡಿ.

ಫೋನು ಬಂದ ಮೇಲೆ ಕಲಿತದ್ದು ಹೆಚ್ಚು. ಇದರ ಉಪಗ್ರಹ ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಿರುತ್ತದೆ. ಗೋವಾದಿಂದ ನೋಡಿದರೆ ದಕ್ಷಿಣಕ್ಕೆ, ನೆತ್ತಿಗೆ ಸಾಕಷ್ಟು ಹತ್ತಿರ. ಹಾಗಾಗಿ ಗುಡ್ಡ ಅಷ್ಟಾಗಿ ಅಡ್ಡ ಬರುವುದಿಲ್ಲ, ಮರ ಬರುತ್ತದೆ. ಮಳೆಹನಿಯನ್ನು ಈ ಅಲೆಗಳು ಲೆಕ್ಕಿಸುವುದಿಲ್ಲ, ನೆನೆದು ತೂಗುವ ಎಲೆಚಾವಣಿಯ ಕೆಳಗೆ ಮಾತ್ರ ಸೋತುಬಿಡುತ್ತವೆ. ಮೊದಲ ದಿನ ಕಾಡಿನೊಳಗೆ ಆಂಟೆನಾ ಬಿಡಿಸಿ ಹತ್ತು ನಿಮಿಷ ಕಾದೆ, ಪರದೆಯಲ್ಲಿ ಹುಡುಕಾಟದ ಗುರುತೊಂದೇ. ಇನ್ನೂರು ಹೆಜ್ಜೆ ನಡೆದು ಮುರಕಲ್ಲಿನ ಬಯಲಿಗೆ ಬಂದೊಡನೆ ಗೆರೆಗಳು ಒಂದೊಂದಾಗಿ ಏರಿದವು. ಅಂದಿನಿಂದ ಹಳ್ಳಕ್ಕೆ ಇಳಿಯುವ ಮುನ್ನ ಹತ್ತಿರದ ಬಯಲು ಯಾವುದೆಂದು ಹುಡುಗರಿಗೆ ತೋರಿಸಿಯೇ ಮುಂದೆ ಹೋಗುತ್ತೇನೆ. ಫೋನು ಹಿಡಿಯುವುದು ನಾನೊಬ್ಬಳೇ ಆದರೆ ಬೀಳುವವಳೂ ನಾನೇ ಆಗಬಹುದಲ್ಲವೇ? ಅವರಿಬ್ಬರೂ ಕತ್ತಲಲ್ಲಿ ಆಂಟೆನಾ ಬಿಡಿಸಿ ಕರೆ ಮಾಡಬಲ್ಲರು.

ಆದರೂ ದೊಡ್ಡ ತಪ್ಪು ನಡೆದದ್ದು ಬೇರೆ ಕಡೆ. ಫೋನಿನಲ್ಲಿ ನೆರವಿನ ಗುಂಡಿಯಿದೆ. ಒತ್ತಿದರೆ ನಾವಿರುವ ಸ್ಥಳದ ವಿವರ ಮೊದಲೇ ಹಾಕಿಟ್ಟ ಸಂಖ್ಯೆಗೆ ಹೋಗುತ್ತದೆ. ಸಹೋದ್ಯೋಗಿಯೊಬ್ಬರ ಸಂಖ್ಯೆ ಹಾಕಿದ್ದೆ. ಪರೀಕ್ಷೆಗೆಂದು ರಾತ್ರಿ ಹನ್ನೊಂದಕ್ಕೆ ಒತ್ತಿದೆ. ಅವರು ಸಂದೇಶ ನೋಡಿದ್ದು ಮರುದಿನ ಬೆಳಿಗ್ಗೆ ಏಳಕ್ಕೆ. ನನ್ನ ಕೈಕಾಲು ತಣ್ಣಗಾದವು.

ಈಗ ಅಲ್ಲಿರುವುದು ವಾಸ್ಕೊದ ನನ್ನ ಅಕ್ಕನ ಸಂಖ್ಯೆ. ಅವಳು ನರ್ಸ್, ರಾತ್ರಿ ಕರೆಗೆ ಏಳುವ ಅಭ್ಯಾಸವಿದೆ. ಅವಳ ಫ್ರಿಜ್ ಮೇಲೆ ನಮ್ಮ ದಾರಿಯ ನಕ್ಷೆ, ವಾಳಪೈಯ ಜೀಪ್ ಮಾಲೀಕರ ಮತ್ತು ಆಸ್ಪತ್ರೆಯ ಸಂಖ್ಯೆ ಅಂಟಿಸಿದ್ದೇವೆ. ರಾತ್ರಿ ಒಂಬತ್ತೂವರೆಗೆ ಬಯಲಿನಿಂದ ಕರೆ ಮಾಡುತ್ತೇನೆ. ಮಾತು ಹೋಗಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು, ಇಬ್ಬರೂ ತಡೆದು ಮಾತನಾಡುತ್ತೇವೆ. ಅಕ್ಷಾಂಶ, ರೇಖಾಂಶ ಓದಿ ಹೇಳುತ್ತೇನೆ. ಅವಳು ಬರೆದುಕೊಂಡು ಒಂದೊಂದೇ ಅಂಕಿ ತಿರುಗಿ ಓದುತ್ತಾಳೆ. ಕೊನೆಯ ಅಂಕಿ ಸರಿಯಾದ ಮೇಲೆ ಹಳ್ಳಕ್ಕೆ ಇಳಿಯುತ್ತೇವೆ.