ತಲೆಯಾಡಿಸಿದ್ದನ್ನೆಲ್ಲ ಒಪ್ಪಿಗೆ ಎಂದುಕೊಳ್ಳಬೇಡಿ

ಮಂಗಳೂರಿನ ನಮ್ಮ ಸಣ್ಣ ಕಚೇರಿಯಲ್ಲಿ ಆರು ಜನ. ಗ್ರಾಹಕರೊಬ್ಬರಿಗೆ ಹೋಗಬೇಕಾದ ದರಪಟ್ಟಿ ನಾಲ್ಕು ದಿನ ಕಳೆದರೂ ಹೋಗಿರಲಿಲ್ಲ. ಬೇರೆ ಯಾರೋ ಕಳುಹಿಸಿರುತ್ತಾರೆ ಎಂದು ಆರೂ ಮಂದಿ ನಂಬಿದ್ದೆವು! ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡದ್ದು ನನ್ನದೇ ತಪ್ಪು.

ಜನ ಹೆಚ್ಚಿದಷ್ಟೂ ಕೆಲಸ ಹಗುರ ಎಂಬುದೂ ಅರ್ಧ ಸತ್ಯ. ಫ್ರಾನ್ಸಿನ ರಿಂಗೆಲ್‌ಮನ್ ಎಂಬ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಎಂಟು ಜನ ಸೇರಿದಾಗ ತಲಾ ಎಳೆತ ಸುಮಾರು ಅರ್ಧಕ್ಕೆ ಇಳಿದಿತ್ತು. ಸೋಮಾರಿತನವೊಂದೇ ಕಾರಣವಲ್ಲ, ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಮಲ್ಪೆ ಕಡೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ನಾವು ಸಭೆಯಿಂದ ಏಳುವ ಮೊದಲು ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರು, ದಿನಾಂಕ ಬರೆಯುತ್ತೇವೆ. ಇಬ್ಬರ ಹೆಸರು ಬರೆದರೆ ಯಾರದ್ದೂ ಬರೆಯದಂತೆಯೇ. ಇನ್ನೊಂದು: ‘ಎಲ್ಲರಿಗೂ ಸರಿಯೇ?’ ಎಂದು ಕೇಳಬೇಡಿ. ‘ಇದು ಎಲ್ಲಿ ಕೈಕೊಡಬಹುದು?’ ಎಂದು ಕೇಳಿ, ಅದೂ ಕಿರಿಯರಿಂದಲೇ ಆರಂಭಿಸಿ. ಹಿರಿಯರು ಒಮ್ಮೆ ಮಾತಾಡಿದರೆಂದರೆ ನಮ್ಮ ಊರಿನ ಮಕ್ಕಳು ಆಮೇಲೆ ಬಾಯಿ ಬಿಡುವುದಿಲ್ಲ.