ಮೊದಲ ಮೊಟ್ಟೆಗೆ ಮುಂಚಿನ ವಾರಗಳು

ಮೊದಲ ಸಲ 12 ಹೇಂಟೆ ಮರಿಗಳನ್ನು ಸಾಕಿದಾಗ ನಾನು ಒಂದನ್ನು ಕಳೆದುಕೊಂಡೆ. ಅದು ಸತ್ತಿದ್ದು ರೋಗದಿಂದಲ್ಲ, ನನ್ನ ಅವಸರದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದೆಲ್ಲ ಅಲ್ಲಿಂದಲೇ ಕಲಿತದ್ದು.

14 ವಾರ ತುಂಬಿದ ಕೂಡಲೇ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಗಳ ತಿಂಡಿ, ಹಾಕಿದ್ದೆ. ಬೇಗ ಕೊಟ್ಟರೆ ಬೇಗ ಮೊಟ್ಟೆ ಇಡುತ್ತವೆ ಎಂದುಕೊಂಡಿದ್ದೆ. ಸಾಲದು ಅಂತ ರಾತ್ರಿ ಹತ್ತರವರೆಗೆ ಗೂಡಿನಲ್ಲಿ ಬಲ್ಬು ಉರಿಸಿದೆ. ಒಂದು ಹೇಂಟೆ 17ನೇ ವಾರಕ್ಕೇ ಮೊಟ್ಟೆ ಇಟ್ಟಿತು. ನನಗೆ ಖುಷಿಯೋ ಖುಷಿ. ನಾಲ್ಕನೇ ಮೊಟ್ಟೆಯ ದಿನ ಅದರ ಹಿಂಬದಿಯಿಂದ ಒಳಮಾಂಸ ಹೊರಗೆ ಬಂದು ಕೆಂಪಗೆ ಜೋತಿತ್ತು. ನಾನು ನೋಡುವಷ್ಟರಲ್ಲಿ ಉಳಿದವು ಕುಕ್ಕಿ ಕುಕ್ಕಿ ರಕ್ತ ಮಾಡಿದ್ದವು. ಸಂಜೆ ಹೊತ್ತಿಗೆ ಹೋಗಿಬಿಟ್ಟಿತು. ಮೈ ಬಲಿಯುವ ಮೊದಲೇ ಮೊಟ್ಟೆ ಶುರುವಾದರೆ ಹೀಗಾಗುವ ಸಾಧ್ಯತೆ ಜಾಸ್ತಿ. ಮೊಟ್ಟೆ ಬರುವ ದಾರಿ ಇನ್ನೂ ಸಡಿಲವಾಗಿರುವುದಿಲ್ಲ, ಹೇಂಟೆ ತಿಣುಕಿ ತಿಣುಕಿ ತಳ್ಳುತ್ತದೆ.

ಮುಂದಿನ ತಂಡಕ್ಕೆ ನಾನು ಕ್ಯಾಲೆಂಡರ್ ನೋಡುವುದನ್ನು ಕಡಿಮೆ ಮಾಡಿ, ಕೋಳಿಯನ್ನು ನೋಡಲು ಶುರು ಮಾಡಿದೆ.

ಮೊದಲು ತಿಂಡಿಯ ವಿಷಯ. ಬೆಳೆಯುವ ಕೋಳಿಗೆ ಕೊಡುವ ಗ್ರೋವರ್ ಫೀಡಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಶೇ. 1ರ ಆಸುಪಾಸು ಇರುತ್ತದೆ. ಲೇಯರ್ ಫೀಡಿನಲ್ಲಿ ಶೇ. 3.5ರಿಂದ 4. ದಿನಾ ಮೊಟ್ಟೆ ಇಡುವ ಕೋಳಿಗೆ ಅದು ಬೇಕೇ ಬೇಕು, ಒಂದು ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಆದರೆ ಇನ್ನೂ ಮೊಟ್ಟೆ ಇಡದ ಎಳೆ ಹೇಂಟೆಗೆ ಅಷ್ಟು ಸುಣ್ಣ ಹಾಕಿದರೆ ಅದು ಹೋಗುವುದಾದರೂ ಎಲ್ಲಿಗೆ? ಕಿಡ್ನಿಯೇ ಹೊರಗೆ ಹಾಕಬೇಕು. ವಾರಗಟ್ಟಲೆ ಹೀಗೇ ಆದರೆ ಕಿಡ್ನಿ ಕೆಡುತ್ತದೆ, ಒಳಗೆ ಕಲ್ಲು ಕಟ್ಟುವುದೂ ಉಂಟು. ಕೋಳಿ ಹೊರಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಅದೇ ಇದರ ಕೆಟ್ಟ ಗುಣ.

ಹಾಗಂತ ಸುಣ್ಣವನ್ನು ಪೂರ್ತಿ ತಡೆದು, ಮೊಟ್ಟೆ ಬಂದ ಮೇಲೆ ಕೊಡೋಣ ಅಂದರೂ ತಪ್ಪು. ಮೊದಲ ಮೊಟ್ಟೆಗೆ ಎರಡು ವಾರ ಇರುವಾಗಲೇ ಹೇಂಟೆಯ ಕಾಲಿನ ಮೂಳೆಗಳ ಟೊಳ್ಳಿನಲ್ಲಿ ಹೊಸದೊಂದು ಮೂಳೆ ಬೆಳೆಯತೊಡಗುತ್ತದೆ. ಅದು ಮೈ ಹೊರುವುದಕ್ಕಲ್ಲ, ಸುಣ್ಣ ಕೂಡಿಡುವುದಕ್ಕೆ. ಒಂದು ಬಗೆಯ ಕಣಜ ಅನ್ನಿ. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು, ಅದರಲ್ಲಿ ಹೆಚ್ಚಿನ ಕೆಲಸ ನಡೆಯುವುದು ಕೋಳಿ ಮಲಗಿರುವಾಗ. ಆಗ ಹೊಟ್ಟೆಯಲ್ಲಿ ಸುಣ್ಣ ಸಾಲದಿದ್ದರೆ ಈ ಕಣಜದಿಂದ ತೆಗೆಯುತ್ತದೆ. ಕಣಜ ತುಂಬದೆಯೇ ಮೊಟ್ಟೆ ಶುರುವಾದರೆ ಚಿಪ್ಪೂ ತೆಳು, ಕಾಲೂ ಸೋಲುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭದ್ದು. ಗ್ರೋವರ್ ಫೀಡನ್ನೇ ಮುಂದುವರಿಸಿದೆ. 16ನೇ ವಾರದಿಂದ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು, ಅದೇ ಶೆಲ್ ಗ್ರಿಟ್, ಇಟ್ಟೆ. ಫೀಡಿಗೆ ಬೆರೆಸಲಿಲ್ಲ. ಬೇಕಾದವು ತಿನ್ನುತ್ತವೆ, ಬೇಡದವು ಮುಟ್ಟುವುದಿಲ್ಲ. ಮೊದಲ ಹತ್ತು ದಿನ ಆ ಬಟ್ಟಲು ಹಾಗೇ ಇತ್ತು. ಆಮೇಲೆ ಜುಟ್ಟು ಕೆಂಪಾದ ಎರಡು ಹೇಂಟೆಗಳು ಮಾತ್ರ ಸಂಜೆ ಹೊತ್ತು ಅಲ್ಲಿ ನಿಂತು ಕಟಕಟ ಅನ್ನಿಸುತ್ತಿದ್ದವು. ಅದನ್ನು ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಯಾವಾಗ ಬೇಕು ಅಂತ ಅವಕ್ಕೇ ಗೊತ್ತು. ತಂಡದಲ್ಲಿ ಮೊದಲ ಮೊಟ್ಟೆ ಬಂದ ದಿನ ಲೇಯರ್ ಫೀಡ್ ಬೆರೆಸಲು ಶುರು ಮಾಡಿ, ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿದೆ. ಒಂದೇ ದಿನ ಬದಲಾಯಿಸಿದರೆ ಕೆಲವು ಮುನಿಸಿಕೊಂಡು ತಿನ್ನುವುದೇ ಇಲ್ಲ. ಈ ಹೊತ್ತಿನಲ್ಲಿ ಉಪವಾಸ ಬೀಳುವುದು ಬೇಡ.

ಅಂದಹಾಗೆ, ಶೆಲ್ ಗ್ರಿಟ್ ಬೇರೆ, ಕಲ್ಲಿನ ಹರಳು ಬೇರೆ. ಹರಳು ಕಾಳನ್ನು ಅರೆಯುವುದಕ್ಕೆ, ಕರಗದೆ ಹೊಟ್ಟೆಯಲ್ಲಿ ಉಳಿಯುತ್ತದೆ. ಚಿಪ್ಪು ಕರಗಿ ಮೈಗೆ ಸೇರುತ್ತದೆ. ಕೂಡಿಹಾಕಿ ಸಾಕುವವರು ಕಾಳು, ಸೊಪ್ಪು ಕೊಡುತ್ತಿದ್ದರೆ ಎರಡನ್ನೂ ಇಡಬೇಕು.

ಕಾಳಿನ ಆಸೆ ತೋರಿಸುವುದನ್ನು ನಾನು ಬಿಟ್ಟೆ. ಕೂಗಿದ ಕೂಡಲೇ ಓಡಿ ಬರುತ್ತವೆ, ನಮಗೂ ಹಾಕುವ ಆಸೆ, ಅಲ್ವಾ? ಆದರೆ ಬರೀ ಕಾಳು ತಿಂದರೆ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ, ಒಳಗೆ ಕೊಬ್ಬು ಮಾತ್ರ ಸೇರುತ್ತದೆ. ಕೊಬ್ಬಿದ ಹೇಂಟೆಗೆ ಮೊಟ್ಟೆ ಇಡುವುದು ಕಷ್ಟ. ಈಗ ಸಂಜೆ ಒಂದು ಹಿಡಿ, ಅದೂ ಇಡೀ ತಂಡಕ್ಕೆ. ವಾರಕ್ಕೊಮ್ಮೆ ರಾತ್ರಿ ಕೋಲಿನ ಮೇಲೆ ಕೂತಿರುವಾಗ ಎತ್ತಿ ಎದೆಮೂಳೆ ಮುಟ್ಟಿ ನೋಡುತ್ತೇನೆ. ಚಾಕುವಿನಂತೆ ಚೂಪಾಗಿದ್ದರೆ ಸೊರಗಿದೆ, ಕೈಗೇ ಸಿಗದಷ್ಟು ಮುಚ್ಚಿದ್ದರೆ ಜಾಸ್ತಿ ಕೊಬ್ಬಿದೆ.

ಹಾಗೆ ಎತ್ತಿದಾಗಲೇ ಬಾಲದ ಕೆಳಗೆ ಎರಡು ಮೂಳೆ ತುದಿಗಳ ನಡುವೆ ಬೆರಳಿಟ್ಟು ನೋಡಬಹುದು. ಎಳೆಯದರಲ್ಲಿ ಒಂದು ಬೆರಳೂ ಸರಿಯಾಗಿ ಹಿಡಿಸುವುದಿಲ್ಲ. ಎರಡು ಬೆರಳು ಹಿಡಿಸಿತು ಅಂದರೆ ದಿನ ಹತ್ತಿರ. ಜುಟ್ಟು, ಗಲ್ಲದ ಜೋಲು ಕೆಂಪೇರಿ ದಪ್ಪವಾಗುತ್ತವೆ. ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು ಬೇರೆ: ನಾವು ಹತ್ತಿರ ಹೋದಾಗ ಓಡದೆ, ರೆಕ್ಕೆ ಸ್ವಲ್ಪ ಬಿಚ್ಚಿ ನೆಲಕ್ಕೆ ಕುಕ್ಕರಿಸಿಬಿಡುತ್ತದೆ. ಹಾಗೆ ಮಾಡಿದ ಹೇಂಟೆಗಳು ನನ್ನಲ್ಲಿ ಹೆಚ್ಚೆಂದರೆ ಎರಡು ವಾರದಲ್ಲಿ ಮೊಟ್ಟೆ ಇಟ್ಟಿವೆ.

ಮೊಟ್ಟೆ ಶುರುವಾಗುವವರೆಗೆ ಬೆಳಕನ್ನು ಈ ಸಲ ಮುಟ್ಟಲೇ ಇಲ್ಲ. ಹಗಲು ಉದ್ದವಾದಂತೆ ಹೇಂಟೆಯ ಮೈ ಮೊಟ್ಟೆಗೆ ಸಿದ್ಧವಾಗುತ್ತದೆ, ಹಾಗಾಗಿ ಬೆಳೆಯುವ ವಯಸ್ಸಿನಲ್ಲಿ ಬೆಳಕು ಹೆಚ್ಚಿಸಬಾರದು. ಹೆಚ್ಚಿನವು ಇಡಲು ಶುರು ಮಾಡಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಸೇರಿಸುತ್ತಾ 14 ಗಂಟೆಗೆ ತಂದು ನಿಲ್ಲಿಸಿದೆ. ಅದೂ ಬೆಳಗಿನ ಜಾವದ ಕಡೆಗೆ. ರಾತ್ರಿ ಬಲ್ಬು ಫಕ್ಕನೆ ಆರಿದರೆ ಕೋಲು ಹತ್ತದ ಕೋಳಿಗಳು ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ.

ಮೊಟ್ಟೆ ಪೆಟ್ಟಿಗೆಯನ್ನು 16ನೇ ವಾರಕ್ಕೇ ಇಟ್ಟೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಹೇಂಟೆಗೆ ಒಂದು. ಸ್ವಲ್ಪ ಕತ್ತಲಿರುವ ಮೂಲೆ, ಒಳಗೆ ಒಣಹುಲ್ಲು, ಒಂದು ಸುಳ್ಳು ಮೊಟ್ಟೆ. ಮಲಗುವ ಕೋಲು ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಮಾಡುತ್ತವೆ. ಗೂಡು ಬದಲಾಯಿಸುವುದು, ಲಸಿಕೆ, ಜಂತುಹುಳುವಿನ ಔಷಧಿ ಎಲ್ಲವನ್ನೂ ಇದೇ ಹೊತ್ತಿಗೆ ಪಶುವೈದ್ಯರನ್ನು ಕೇಳಿ ಮುಗಿಸಿಬಿಟ್ಟೆ. ರಾತ್ರಿ ಟಾರ್ಚ್ ಹಿಡಿದು ಕೋಲಿನ ಸಂದಿಯಲ್ಲಿ ಕೆಂಪು ನುಸಿ ಇದೆಯಾ ಅಂತ ನೋಡುವುದನ್ನು ಮಾತ್ರ ಈಗಲೂ ಬಿಟ್ಟಿಲ್ಲ. ಹಗಲು ಅವು ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತವೆ.

ನೀರು ಒಂದು ಹೊತ್ತೂ ತಪ್ಪಬಾರದು. ಇಡುವ ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಸೆಕೆಯಲ್ಲಿ ಅದರ ಎರಡರಷ್ಟು. ಚಿಪ್ಪು ಬಿಟ್ಟರೆ ಮೊಟ್ಟೆಯ ಮುಕ್ಕಾಲು ಭಾಗ ನೀರೇ.

ಈ ತಂಡದ ಮೊದಲ ಮೊಟ್ಟೆ 20ನೇ ವಾರದಲ್ಲಿ ಬಂತು. ಚಿಕ್ಕದು, ಮೇಲೆ ಒಂದು ಎಳೆ ರಕ್ತ. ಮರುವಾರ ಒಂದು ಚಿಪ್ಪೇ ಇಲ್ಲದೆ ತೊಗಲಿನಂತೆ ಬಂತು, ಇನ್ನೊಂದರಲ್ಲಿ ಎರಡು ಹಳದಿ. ಇದಕ್ಕೆಲ್ಲ ಹೆದರಬೇಕಿಲ್ಲ, ಮೈ ಹದಕ್ಕೆ ಬರುವವರೆಗೆ ಹೀಗಾಗುತ್ತದೆ. ಎರಡು ಮೂರು ವಾರ ಕಳೆದರೂ ತೊಗಲುಮೊಟ್ಟೆ ನಿಲ್ಲದಿದ್ದರೆ ಮಾತ್ರ ಯೋಚಿಸಬೇಕು.

ದೊಡ್ಡ ಮೈಯ ಒಂದು ಕಪ್ಪು ಹೇಂಟೆ ಮಾತ್ರ 25 ವಾರವಾದರೂ ಇಡಲಿಲ್ಲ. ನೋಡಿದವರೆಲ್ಲ ಇದು ದಂಡ ಅಂದರು. ಜುಟ್ಟು ಇನ್ನೂ ಕೆಂಪಾಗಿರಲಿಲ್ಲ, ಶೆಲ್ ಗ್ರಿಟ್ ಬಟ್ಟಲ ಹತ್ತಿರವೂ ಹೋಗುತ್ತಿರಲಿಲ್ಲ. ನಾನು ಸುಮ್ನೆ ಕಾದೆ. 27ನೇ ವಾರದಲ್ಲಿ ಒಂದು ಸಂಜೆ ಬಟ್ಟಲಿನ ಮುಂದೆ ನಿಂತು ಕಟಕಟ ತಿನ್ನುತ್ತಿತ್ತು. ಒಂಬತ್ತು ದಿನಕ್ಕೆ ಪೆಟ್ಟಿಗೆಯ ಹುಲ್ಲಿನಲ್ಲಿ ಅದರ ಮೊಟ್ಟೆ ಸಿಕ್ಕಿತು, ಗಟ್ಟಿ ಚಿಪ್ಪು, ಇನ್ನೂ ಬಿಸಿಯಿತ್ತು.